ಎರಡು ಕಚ್ಚು

ಸಖುಬಾಯಿ ಘಾಟಬೋರಾಳದಿಂದ ನಾರಾಯಣಪುರಕ್ಕೆ ಸೊಸೆಯಾಗಿ ಬಂದಾಗ ಅವಳ ಹಿಂದೆ ಒಂದು ಹಿತ್ತಾಳೆ ಕೊಡ, ಒಂದು ಕರಿ ಕಂಬಳಿ, ಮತ್ತೆ ಅಣ್ಣ ಮಾಳಪ್ಪ ಆರಿಸಿ ಕೊಟ್ಟ ಕೆಲವು ಹೆಣ್ಣು ಕುರಿ ಬಂದಿದ್ದವು. ಆ ಕುರಿಗಳ ಎಡಗಿವಿಯ ಅಂಚಿನಲ್ಲಿ ಒಂದೊಂದು ಕಚ್ಚು ಇತ್ತು. ಮರಿಯಾಗಿದ್ದಾಗಲೇ ಕಿವಿಯಂಚು ಕತ್ತರಿಸಿ ಮಾಡುವ ಗುರುತು ಅದು. ಹಿಂಡುಗಳು ಬೆರೆತಾಗ ಯಾರ ಕುರಿ ಯಾವುದೆಂದು ಹೇಳುವುದು ಅದೇ. ಅವಳ ತವರಿನ ಗುರುತು ಎಡಗಿವಿಗೆ ಒಂದು ಕಚ್ಚು. ಗಂಡ ಅಮೋಘಸಿದ್ದಪ್ಪ ಅದರ ಮಗ್ಗುಲಲ್ಲೇ ತನ್ನ ಮನೆಯದೊಂದು ಹಾಕಿದ. ತವರಿಂದ ಬಂದ ಕುರಿಗೆ ಹಾಗೆ ಮಾಡುವುದು ಅವರ ಎರಡೂ ಮನೆಗಳ ರೂಢಿ. ಹಳೆಯದನ್ನು ಅಳಿಸುವುದಿಲ್ಲ, ಹೊಸದು ಬಂದು ಪಕ್ಕದಲ್ಲಿ ಕೂಡುತ್ತದೆ. ಆ ಕುರಿಗಳ ಹೊಟ್ಟೆಯಲ್ಲಿ ಹುಟ್ಟಿದವಕ್ಕೆಲ್ಲ ಎರಡು ಕಚ್ಚು. ಕತ್ತಲಲ್ಲಿ ಕುರಿದಡ್ಡಿಯೊಳಗೆ ಕೈಹಾಕಿದರೂ ಸಖುಬಾಯಿಯ ಹೆಬ್ಬೆರಳು ಕಿವಿಯಂಚನ್ನು ಸವರಿ, ಇದು ನನ್ನದು, ಇದು ಹಿಂಡಿನದು ಎಂದು ಹೇಳಿಬಿಡುತ್ತಿತ್ತು.

ಎರಡು ಸಾವಿರದ ಏಳನೇ ಇಸವಿಯ ಬೇಸಿಗೆಯಲ್ಲಿ ಕಳೆದುಹೋದ ಟಗರು ಅಂಥದೇ ಎರಡು ಕಚ್ಚಿನ ಎಡಗಿವಿಯದು. ಹಣೆಯ ಮೇಲೆ ಬಿಳಿ ಚುಕ್ಕೆಯ ಕರಿ ಟಗರು. ಬೀರಪ್ಪ ದೇವರ ಹೆಸರಿನಲ್ಲಿ ಬಿಟ್ಟದ್ದು, ಮಾರುವಂತಿಲ್ಲ, ದೇವರಿಗಲ್ಲದೆ ಬೇರೆ ಯಾವುದಕ್ಕೂ ಕೊಯ್ಯುವಂತಿಲ್ಲ. ಹುಮನಾಬಾದದ ಕಡೆ ಗೊಬ್ಬರಕ್ಕೆಂದು ರೈತರ ಹೊಲಗಳಲ್ಲಿ ಕುರಿ ಕೂಡಿಸುತ್ತ ಹೋಗಿದ್ದಾಗ ಒಂದು ಬೆಳಿಗ್ಗೆ ಎಣಿಕೆಗೆ ಸಿಗಲಿಲ್ಲ. ಹಳ್ಳ ನೋಡಿದರು, ಹಾಳುಬಾವಿ ನೋಡಿದರು. ಇಲ್ಲ.

ಮಿರಗದ ಮಳೆಯ ಮೋಡ ಕಟ್ಟುವ ಹೊತ್ತಿಗೆ, ಅವರು ಕುರಿ ಕೂಡಿಸುವ ಹೊಲವೊಂದರ ಮಾಲಕ ಬಸವಣಪ್ಪ ಒಂದು ಮಾತು ತಂದರು.

"ಅಮೋಘಸಿದ್ಯಾ, ಘಾಟಬೋರಾಳದಾಗ ನಿನ್ನ ಹೆಂಡ್ತಿ ಅಣ್ಣನ ಹಿಂಡಿನಾಗ ಒಂದ ಹಣಿಬಿಳಿ ಟಗರು ನೋಡ್ದೆಪಾ. ಅವಂದೇ ಇರಬಹುದು. ನಾ ನೋಡಿದ್ದು ಹೇಳ್ದೆ, ಅಷ್ಟ."

ಅಮೋಘಸಿದ್ದಪ್ಪ ಆ ದಿನ ಊಟ ಮಾಡಲಿಲ್ಲ. ಹೋಗಿ ಕೇಳಬಹುದಿತ್ತು. ಆದರೆ ಹೆಣ್ಣು ಕೊಟ್ಟ ಮನೆಗೆ ಹೋಗಿ "ನಿನ್ನ ದಡ್ಡಿ ನೋಡ್ತೀನಿ" ಎಂದರೆ ಕಳ್ಳ ಎಂದಂತೆಯೇ. ಕೇಳಿದ ಮಾತು ಹಿಂದಕ್ಕೆ ಬರುವುದಿಲ್ಲ. ಕೊನೆಗೆ ಮಗನನ್ನು ಕರೆದ.

ಮಗ ಅನೀಲಕುಮಾರ ಬಸವಕಲ್ಯಾಣದಲ್ಲಿ ಸಿರಾಜುದ್ದೀನನ ಫೋಟೋ ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ. ಮದುವೆಯ ಆಲ್ಬಮ್ ಅಂಟಿಸುವುದು, ಕಂಪ್ಯೂಟರಿನಲ್ಲಿ ಮುಖದ ಕಲೆ ತೆಗೆಯುವುದು, ರೇಶನ್ ಕಾರ್ಡಿನ ಫೋಟೋ ಕತ್ತರಿಸುವುದು. ಆ ವರ್ಷ ಸಿರಾಜುದ್ದೀನ ಅಂಗೈಯಲ್ಲಿ ಹಿಡಿಸುವ ಒಂದು ಡಿಜಿಟಲ್ ಕ್ಯಾಮೆರಾ ಹೈದರಾಬಾದಿನಿಂದ ತರಿಸಿದ್ದ. ಬಟನ್ ಒತ್ತಿದರೆ ಮೂತಿ ಮುಂದೆ ಚಾಚಿಕೊಂಡು ದೂರದ್ದನ್ನು ಹತ್ತಿರ ಎಳೆಯುತ್ತಿತ್ತು. ಅನೀಲನ ಕೈಗೆ ಅದನ್ನು ಮೊದಲ ಸಲ ಕೊಟ್ಟಾಗಲೇ ಹೇಳಿದ್ದ:

"ನೋಡ್ ಬೇಟಾ, ಇದರ ಮೂತಿ ಉದ್ದ ಆದಂಗ ಕೈಯ ನಡುಕನೂ ಉದ್ದ ಆಗ್ತದ. ದೂರದ್ದು ಎಳೀಬೇಕಂದ್ರ ಮೊಣಕೈ ಎಲ್ಯಾರ ಊರು, ಗ್ವಾಡಿಗೋ ಗಿಡಕ್ಕೋ ಮೈ ಆನಿಸು. ಒತ್ತೋಮುಂದ ಉಸಿರು ಹಿಡಿ. ಮೋಡ ಇದ್ದಾಗಂತೂ ತೆಗೀಲೇಬ್ಯಾಡ. ಎಲ್ಲಕ್ಕಿಂತ ಚೊಲೋದು, ಜರಾ ಮುಂದ ನಡಿ. ಕಾಲಿಗಿಂತ ದೊಡ್ಡ ಝೂಮ್ ಇಲ್ಲ."

ಅನೀಲ ಆ ಕ್ಯಾಮೆರಾ ಕೇಳಿಕೊಂಡು ಘಾಟಬೋರಾಳಕ್ಕೆ ಹೋದ. ಮೋಡದ ಮಧ್ಯಾಹ್ನ. ಬಸ್ಸಿಳಿದು ಹಳ್ಳದ ಗುಂಟ ನಡೆದ. ಆಚೆ ಕೆಂಪು ಕಲ್ಲಿನ ದಿಣ್ಣೆಯ ಮೇಲೆ ಮಾಮನ ಹಿಂಡು ಮೇಯುತ್ತಿತ್ತು. ಮಾಳಪ್ಪ ಕಂಬಳಿ ಹೆಗಲಿಗೆ ಹಾಕಿ ಕೋಲಿಗೆ ಗದ್ದ ಊರಿ ನಿಂತಿದ್ದ. ಹಣಿಬಿಳಿ ಟಗರು ಅವನ ಪಕ್ಕದಲ್ಲೇ ಇತ್ತು, ತಲೆ ಎತ್ತಿ, ಆಕಾಶಕ್ಕೆ ಕಿವಿ ಹಚ್ಚಿದಂತೆ.

ಹಳ್ಳ ದಾಟಿ ಹೋದರೆ ಮಾಮ ಕೂಗಿ ಕರೆಯುತ್ತಾನೆ, ಮೈದಡವುತ್ತಾನೆ, ಮನೆಗೆ ಕರೆದೊಯ್ದು ಚಹಾ ಮಾಡಿಸುತ್ತಾನೆ. ಆಮೇಲೆ ಟಗರಿನ ಕಿವಿ ಹಿಡಿದು ನೋಡಲು ಮುಖ ಬೇಕಲ್ಲ. ಅನೀಲ ಈಚೆಯ ಜಾಲಿಕಂಟಿಯ ಮರೆಯಲ್ಲೇ ನಿಂತ. ಬಟನ್ ಒತ್ತಿ ಹಿಡಿದ. ಮೂತಿ ಪೂರಾ ಚಾಚಿತು. ಇನ್ನೂ ಒತ್ತಿದ. ಪರದೆಯ ಮೇಲೆ ಟಗರು ಕುಣಿಯತೊಡಗಿತು. ಒಮ್ಮೆ ಒಳಗೆ, ಒಮ್ಮೆ ಹೊರಗೆ. ಕೈ ಚಾಚಿಕೊಂಡೇ, ಕದ್ದು ನೋಡುವವನ ಎದೆ ಹೊಡೆದುಕೊಳ್ಳುತ್ತಿರುವಾಗಲೇ ಒಂದು ತೆಗೆದ. ಅಷ್ಟರಲ್ಲಿ ಮಾಳಪ್ಪ ಈ ಕಡೆ ತಿರುಗಿದಂತಾಯಿತು. ಅನೀಲ ಕುಕ್ಕರಿಸಿ ಕೂತು, ಕಂಟಿಯ ಹಿಂದೆ ಹಿಂದೆಯೇ ಸರಿದು ಬಸ್ಸಿನ ದಾರಿ ಹಿಡಿದ.

ಸ್ಟುಡಿಯೋದಲ್ಲಿ ತೆರೆದು ನೋಡಿದರೆ ಚಿತ್ರ ಮಂಜು ಮಂಜಾಗಿತ್ತು. ಸಿರಾಜುದ್ದೀನ ಮದುವೆಯೊಂದಕ್ಕೆ ಹೋಗಿದ್ದ. ಅನೀಲ ಸುತ್ತಲಿನದೆಲ್ಲ ಕತ್ತರಿಸಿ ಟಗರಿನ ತಲೆಯೊಂದನ್ನು ಉಳಿಸಿಕೊಂಡ. ದೊಡ್ಡದು ಮಾಡಿದ. ಮದುಮಕ್ಕಳ ಕಣ್ಣುರೆಪ್ಪೆ ಚುರುಕು ಮಾಡುವ ಅದೇ ಉಪಾಯದಿಂದ ಅಂಚುಗಳನ್ನು ಚುರುಕು ಮಾಡುತ್ತ ಹೋದ. ಒಂದೊಂದು ಸಲ ಒತ್ತಿದಂತೆಯೂ ಮಂಜು ಸರಿದು ಕಿವಿ ಮೇಲೆದ್ದು ಬಂತು. ಎಡಗಿವಿ. ಅಂಚಿನಲ್ಲಿ ಬಿಳಿ ಆಕಾಶ ತೋರುವ ಸಂದು. ಒಂದಲ್ಲ, ಒಂದರ ಮಗ್ಗುಲಲ್ಲಿ ಇನ್ನೊಂದು. ಅವನಿಗೆ ದುಃಖವಾಯಿತು, ಕೆಲಸ ಚೆನ್ನಾಗಿ ಬಂತೆಂದು ಒಳಗೊಳಗೇ ಹಿಗ್ಗೂ ಆಯಿತು.

ಅಮೋಘಸಿದ್ದಪ್ಪ ಹಿರಿಯರನ್ನು ಕೂಡಿಸುವಷ್ಟರಲ್ಲಿ ಮಾಳಪ್ಪ ಆ ಟಗರನ್ನು ಹುಮನಾಬಾದದ ಸಂತೆಯಲ್ಲಿ ಮಾರಿಬಿಟ್ಟಿದ್ದ. ಕೊಂಡವರು ಅಂದೇ ಕೊಯ್ದಿದ್ದರು. ಉಳಿದದ್ದು ಫೋಟೋ ಒಂದೇ.

ಎರಡೂ ಊರಿನ ಹಿರಿಯರು ಬಸವಣಪ್ಪನವರ ಕಣದಲ್ಲಿ ಬೇವಿನ ಕೆಳಗೆ ಕೂತರು. ಮಾಳಪ್ಪ ತಂಗಿಯನ್ನು ನೋಡಿ, "ಸಖೂ, ಆರಾಮಿದ್ದೀಯೇನವಾ?" ಎಂದ. ಅವಳು ತಲೆಯಾಡಿಸಿದಳು.

"ಟಗರು ಯಾರದೋ ಮಾಳಪ್ಪಾ?" ಎಂದರು ಬಸವಣಪ್ಪ.

"ನಂದ್ರಿ. ನನ್ನ ದಡ್ಡಿಯಾಗ ಹುಟ್ಟಿದ್ದು. ಎಡಗಿವಿಗೆ ಒಂದ ಕಚ್ಚು."

"ಹಣಿ ಬಿಳುಪು?"

"ಇವರ ಟಗರಿನ ತಾಯಿ ನನ್ನ ಮನಿಂದ ಹೋದ ಕುರೀದೇ ಸಂತಾನ ಅಲ್ಲೇನ್ರಿ? ಒಂದೇ ರಗತ. ಇಲ್ಲೂ ಹುಟ್ತಾವ, ಅಲ್ಲೂ ಹುಟ್ತಾವ."

ಒಬ್ಬ ಹಿರಿಯ ನಕ್ಕ. "ಸೋದರಮಾವನ ಮೂಗು ಅಳಿಯಗ ಬರೋದಿಲ್ಲೇನು, ಹಂಗ."

ನಗು ಅಷ್ಟಕ್ಕೇ ನಿಂತಿತು. ಅಮೋಘಸಿದ್ದಪ್ಪ ಫೋಟೋ ಮುಂದಿಟ್ಟ. ಅದು ಕೈಯಿಂದ ಕೈಗೆ ಹೋಯಿತು. ಯಾರೋ ಕನ್ನಡಕ ಹಾಕಿಕೊಂಡರು, ಯಾರೋ ಬಿಸಿಲಿಗೆ ಹಿಡಿದರು. ಮಾಳಪ್ಪನೂ ನೋಡಿದ. ಬಹಳ ಹೊತ್ತು ನೋಡಿ, "ಇದು ಹ್ಯಾಂಗ ಆತೋ ನನಗ ತಿಳೀವಲ್ದು. ಕಿವಿ ನಂದೇ ಟಗರಿಂದು. ಇನ್ನೊಂದ ಕಚ್ಚು ಎಲ್ಲಿಂದ ಬಂತು?" ಎಂದ.

"ಅವನ್ನ ಗುರ್ತು ಹಿಡಿಯೋಕಿ ಸಖುಬಾಯಿ," ಎಂದರು ಬಸವಣಪ್ಪ. "ಆಕಿ ಹೇಳಲಿ. ಅಣ್ಣ ಅಂತ ಸುಳ್ಳು ಹೇಳಬ್ಯಾಡ, ಗಂಡ ಅಂತ ಸುಳ್ಳು ಹೇಳಬ್ಯಾಡ. ಏನು ಕಾಣ್ತದ ಅದನ್ನ ಹೇಳವಾ."

ಸಖುಬಾಯಿ ಫೋಟೋ ತೆಗೆದುಕೊಂಡಳು. ದಡ್ಡಿಯಲ್ಲಿ ಮಾಡುವ ಹಾಗೆಯೇ ಹೆಬ್ಬೆರಳು ತಾನಾಗಿ ಕಿವಿಯಂಚಿಗೆ ಹೋಯಿತು. ಕಾಗದ ನುಣ್ಣಗಿತ್ತು. ಬೆರಳಿಗೆ ಏನೂ ಹತ್ತಲಿಲ್ಲ. ಕಣ್ಣು ಮಾತ್ರ ಹೇಳಿತು.

"ಎರಡ ಅದಾವ," ಎಂದಳು.

ಮಾಳಪ್ಪ ತಂಗಿಯ ಮುಖವನ್ನೇ ನೋಡುತ್ತ ಕೂತ.

ದೇವರ ಟಗರು ಮಾರಿದ್ದು ಸಣ್ಣ ಮಾತಲ್ಲ. ಹಿರಿಯರು ಭಂಡಾರ ಎತ್ತಲು ಹೇಳಿದರು. ಬೀರಪ್ಪನ ಗುಡಿಯಿಂದ ತಂದ ಅರಿಶಿನದ ತಟ್ಟೆ ಮುಂದೆ ಬಂತು. ಭಂಡಾರ ಅಂಗೈಯಲ್ಲಿ ಹಿಡಿದು ಹೇಳಿದ ಮಾತು ಸುಳ್ಳಾದರೆ ಹಿಡಿದವನ ಮನೆ ಹಾಳು. ನಿಜವಾದರೆ ದೂರು ತಂದು ಹಿಡಿಯಲು ಹಚ್ಚಿದವರ ಮನೆ ಹಾಳು. ಹಾಗೆಂದು ಎಲ್ಲರಿಗೂ ಗೊತ್ತು. ಮಾಳಪ್ಪ ಕೈ ಚಾಚಿದ. ಬೆರಳು ತಟ್ಟೆಗೆ ತಾಗುವಷ್ಟರಲ್ಲಿ ಅವನ ಕಣ್ಣು ಸಖುಬಾಯಿಯ ಹಸಿರು ಬಳೆಗಳ ಮೇಲೆ, ಅವಳ ಹಿಂದೆ ನಿಂತ ಅನೀಲನ ಮೇಲೆ ಹೋಯಿತು. ಕೈ ಹಿಂದಕ್ಕೆ ತೆಗೆದುಕೊಂಡ.

"ನಾ ಎತ್ತೋದಿಲ್ರಿ."

ಕಣದಲ್ಲಿ ಒಂದು ಉಸಿರು ಬಿಟ್ಟಂತಾಯಿತು. ಕೈ ಹಿಂದೆ ಹೋದದ್ದನ್ನು ಎಲ್ಲರೂ ಕಂಡರು. ಯಾಕೆ ಹೋಯಿತೆಂದು ಯಾರೂ ಕೇಳಲಿಲ್ಲ. ಸಖುಬಾಯಿಯೂ ಕೇಳಲಿಲ್ಲ.

ದಂಡವೆಂದು ಮಾಳಪ್ಪ ಒಂದು ಟಗರು ಕೊಡಬೇಕು, ಎರಡು ಮನೆಗಳ ನಡುವೆ ಹೋಗಿಬರುವುದು ಬಂದ್ ಎಂದು ತೀರ್ಮಾನವಾಯಿತು. ಮರುದಿನ ಮಾಳಪ್ಪ ಟಗರು ತಂದು ನಾರಾಯಣಪುರದ ಅಗಸೆಬಾಗಿಲ ಹೊರಗಿನ ಕಲ್ಲಿಗೆ ಕಟ್ಟಿ, ಊರೊಳಗೆ ಕಾಲಿಡದೆ ಹೋದ. ಅಮೋಘಸಿದ್ದಪ್ಪ ಅದನ್ನು ದೇವರಿಗೆ ಕೊಟ್ಟು ಋಣ ತೀರಿಸಿದ. ಕಳೆದುಹೋದ ಟಗರು ಎಲ್ಲಿ ಹೋಯಿತೆಂಬುದು ಕೊನೆಗೂ ತಿಳಿಯಲಿಲ್ಲ.

ನಾಗಪಂಚಮಿ ಬಂತು. ಪ್ರತಿ ವರ್ಷ ಹಬ್ಬದ ಮುಂಚೆ ಮಾಳಪ್ಪ ಕರೆಯಲು ಬರುತ್ತಿದ್ದ. ತಲೆಗೆ ಹೊಸ ರುಮಾಲು, ಕೈಯಲ್ಲಿ ಜೋಳದ ಅಳ್ಳಿನ ಗಂಟು. ಈ ಸಲ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ತವರಿಗೆ ಹೋದರು. ಸಖುಬಾಯಿ ದಡ್ಡಿಯ ಕಸ ತೆಗೆದಳು. ತೆಗೆದಲ್ಲೇ ಮತ್ತೆ ತೆಗೆದಳು.

ಹಬ್ಬ ಕಳೆದ ಮೇಲೆ ಬಸವಕಲ್ಯಾಣದ ವ್ಯಾಪಾರಿಯೊಬ್ಬ ತನ್ನ ಅಂಗಡಿಯ ಕ್ಯಾಲೆಂಡರಿಗೆ ನಾರಾಯಣಪುರದ ಶಿವಾಲಯದ ಚಿತ್ರ ಬೇಕೆಂದ. ಸಿರಾಜುದ್ದೀನ ಅನೀಲನಿಗೇ ಹೇಳಿದ. ಅನೀಲ ಸಂಜೆ ಮನೆಗೆ ಹೋದವನು ಹಾಗೆಯೇ ಗುಡಿಯ ಮುಂದೆ ನಿಂತು, ಗೋಡೆಯ ಮೇಲ್ಗಡೆ ಕನ್ನಡಿ ಹಿಡಿದು ನಿಂತ ಕಲ್ಲಿನ ಹೆಣ್ಣನ್ನು ದೂರದಿಂದಲೇ ಎಳೆದು ತೆಗೆದ. ಮರುದಿನ ಸ್ಟುಡಿಯೋದಲ್ಲಿ ಅದನ್ನು ತೆರೆದಾಗ ಸಿರಾಜುದ್ದೀನ ಹಿಂದೆ ನಿಂತು ಗಹಗಹಿಸಿ ನಕ್ಕ.

"ಅರೇ, ಈಕಿಗೆ ಎರಡ ಮೂಗು! ಗಂಡಗ ಮೂಗುತಿ ಖರ್ಚ ಡಬಲ್ ನೋಡು! ಕೈಯಾಗ ಕನ್ನಡೀನೂ ಎರಡು."

ಅನೀಲನೂ ನಕ್ಕ.

"ನಾ ಪೈಲೇನೇ ಏನ್ ಹೇಳಿದ್ದೆ? ಎಳದಿ, ಕೈ ಅಲುಗಾಡ್ತು. ಬೆಳಕು ಕಡಿಮಿ ಇದ್ದಾಗ ಇದು ನಿಧಾನ ನೋಡ್ತದ ಬೇಟಾ. ಅಷ್ಟರಾಗ ಕೈ ಇಲ್ಲಿಂದ ಇಲ್ಲಿಗೆ ಸರದ್ರ ಇಲ್ಲೊಂದು ಬರೀತದ, ಅಲ್ಲೊಂದು ಬರೀತದ. ಒಂದು ಇದ್ದದ್ದು ಎರಡು."

ಅನೀಲನ ನಗು ನಿಂತಿತು. ಮೌಸ್ ಹಿಡಿದ ಕೈ ಕಂಪ್ಯೂಟರಿನಲ್ಲಿ ಹಳೆಯದನ್ನು ಹುಡುಕಿತು. ತಾನು ಕತ್ತರಿಸುವ ಮುಂಚಿನ ಪೂರ್ತಿ ಚಿತ್ರ ಅಲ್ಲೇ ಇತ್ತು. ಮಂಜು ದಿಣ್ಣೆ, ಮಂಜು ಹಿಂಡು, ಟಗರು, ಅದರ ಪಕ್ಕದಲ್ಲಿ ಮಾಮ. ಮಾಮನ ಗದ್ದದ ಕೆಳಗೆ ಕೋಲು. ಕೋಲಿನ ಮಗ್ಗುಲಲ್ಲಿ, ಒಂದೇ ಉದ್ದ, ಒಂದೇ ಓರೆ, ಇನ್ನೊಂದು ಕೋಲು. ಎರಡು ಕೋಲುಗಳ ನಡುವಿನ ಸಂದೂ ಎರಡು ಕಚ್ಚುಗಳ ನಡುವಿನ ಸಂದೂ ಒಂದೇ ಅಳತೆ.

ಸಿರಾಜುದ್ದೀನನಿಗೆ ಪಂಚಾಯಿತಿಯ ಮಾತು ಕಿವಿಗೆ ಬಿದ್ದಿತ್ತು. ಅವನು ಪರದೆ ನೋಡಿದ, ಹುಡುಗನ ಮುಖ ನೋಡಿದ. "ಯಾ ಅಲ್ಲಾ," ಎಂದು ಮೆಲ್ಲಗೆ ಹೇಳಿ ಅಂಗಡಿಯ ಬಾಗಿಲಿಗೆ ಹೋಗಿ ರಸ್ತೆ ನೋಡುತ್ತ ನಿಂತ.

ಆ ಚಿತ್ರವನ್ನು ಪೂರ್ತಿಯಾಗಿ ಕಾಗದಕ್ಕಿಳಿಸಿ ಅನೀಲ ಮನೆಗೆ ತಂದ. ಅಪ್ಪನಿಗೆ ಹೇಳಿದ. ಅಮೋಘಸಿದ್ದಪ್ಪ ಹಗ್ಗ ಹೊಸೆಯುತ್ತಿದ್ದ, ಕೈ ನಿಲ್ಲಿಸಲಿಲ್ಲ.

"ಹಿರ್ಯಾರ ಮುಂದ ಮುಗದದ್ದು. ಈಗೇನ್ ಮಾಡ್ತಿ? ಟಗರು ದೇವರಿಗೆ ಹೋಗ್ಯಾದ. ಊರ ಮುಂದ ನಾ ಏನಂತ ನಿಂದರ್ಲಿ? ನನ್ನ ಮಗ ಫೋಟೋ ತಪ್ಪು ತೆಗದಾನಂತಲಾ?"

"ತಪ್ಪು ಆಗ್ಯಾದಪ್ಪಾ."

"ಆಗ್ಯಾದ. ಸುಮ್ನಿರು. ಖರೇ ಇದ್ದಿದ್ರ ಅವಾ ಭಂಡಾರ ಯಾಕ ಎತ್ತಲಿಲ್ಲ?"

ಒಲೆಯ ಮುಂದಿದ್ದ ಸಖುಬಾಯಿ ಹೊರಗೆ ಬಂದಳು. ಹಿಟ್ಟಿನ ಕೈಯನ್ನು ತೊಳೆದುಕೊಂಡು, ಒರೆಸಿಕೊಂಡು, ಫೋಟೋ ಕೇಳಿದಳು. ಬೆಳಕಿಗೆ ಹಿಡಿದು ನೋಡಿದಳು. ಈ ಸಲ ಬೆರಳು ಹಚ್ಚಲಿಲ್ಲ.

"ನಮ್ಮಣ್ಣ ಎರಡ ಕೋಲು ಯಾವಾಗ ಹಿಡದಾನ?" ಎಂದಳು, ಯಾರನ್ನೂ ಕೇಳದವಳ ಹಾಗೆ. ಆಮೇಲೆ ಗಂಡನಿಗೆ, "ನಾ ಹೊಂಟೆ," ಎಂದಳು. ಅಮೋಘಸಿದ್ದಪ್ಪ ಹಗ್ಗದ ಇನ್ನೊಂದು ಎಳೆ ತೆಗೆದುಕೊಂಡ.

ತಾಯಿ ಮಗ ಹುಮನಾಬಾದದಲ್ಲಿ ಬಸ್ಸು ಬದಲಿಸಿ ಘಾಟಬೋರಾಳದಲ್ಲಿ ಇಳಿದಾಗ ಮಳೆ ಬಿಡುವು ಕೊಟ್ಟಿತ್ತು. ಮಾಳಪ್ಪನ ಮನೆಯ ಮಗ್ಗುಲಿನ ದಡ್ಡಿಯಿಂದ ಫಿನೈಲ್ ವಾಸನೆ ಓಣಿಯವರೆಗೂ ಬರುತ್ತಿತ್ತು. ಮಾಳಪ್ಪ ಕುಕ್ಕರಗಾಲಿನಲ್ಲಿ ಕೂತು ಮೊಣಕಾಲ ನಡುವೆ ಒಂದು ಮರಿಯ ತಲೆ ಹಿಡಿದಿದ್ದ. ಚಿಮಟಿಗೆಯಿಂದ ಅದರ ಕಿವಿಯೊಳಗಿನ ಹುಳ ತೆಗೆದು ಬೂದಿಯ ಬುಟ್ಟಿಗೆ ಹಾಕುತ್ತಿದ್ದ.

ಸಖುಬಾಯಿ ದಡ್ಡಿಯ ಬೇಲಿ ಹಿಡಿದು ನಿಂತಳು. ಒಂದು ಕುರಿಯನ್ನು ನೋಡಿದಳು, ಇನ್ನೊಂದನ್ನು ನೋಡಿದಳು, ಹಿಂಡನ್ನೆಲ್ಲ ನೋಡಿದಳು. ಯಾವುದಕ್ಕೂ ಎಡಗಿವಿ ಪೂರ್ತಿ ಇರಲಿಲ್ಲ. ಅರ್ಧಕ್ಕೆ ಕತ್ತರಿಸಿತ್ತು. ಕಚ್ಚು ಇದ್ದ ಜಾಗವೇ ಇರಲಿಲ್ಲ.

"ಅಣ್ಣಾ," ಎಂದಳು.

ಮಾಳಪ್ಪ ತಲೆ ಎತ್ತಿದ. "ಬಾರವಾ ಸಖೂ. ನೀರು ತಗೊ. ಏ, ಯಾರ ಬಂದಾರ ನೋಡು," ಎಂದು ಒಳಗೆ ಕೂಗಿದ. ಹೆಂಡತಿ ಶೇವಂತಾಬಾಯಿ ಬಾಗಿಲಿಗೆ ಬಂದು, ನೋಡಿ, ಅಲ್ಲೇ ನಿಂತಳು.

"ಅಣ್ಣಾ, ಇದೇನ್ ಮಾಡಿದಿ ಇವಕ್ಕ?"

"ಗುರ್ತು ತಗದೆ. ಯಾರದೂ ನನ್ನಲ್ಲಿ ಬಂದಾವಂತ ಇನ್ನ ಯಾರೂ ಅನ್ನೂದ ಬ್ಯಾಡ. ಮಳಿಗಾಲ ಅಂತ ತಿಳೀದ ಮಾಡಿದೆ. ಹುಳ ಬಿದ್ದು. ಸಣ್ಣಮರಿ ಭಾಳ ಹೋದ್ವು."

ಅನೀಲ ಮುಂದೆ ಬಂದು ಫೋಟೋ ಚಾಚಿದ. ಹೇಳಬೇಕೆಂದು ಬಸ್ಸಿನಲ್ಲಿ ಕೂಡಿಸಿಕೊಂಡದ್ದೆಲ್ಲ ಚೂರುಚೂರಾಗಿ ಬಂತು. ಕೈ ಅಲುಗಿತು ಮಾಮಾ, ಮೋಡ ಇತ್ತು, ಒಂದು ಎರಡಾಯ್ತು, ನೋಡು ನಿನ್ನ ಕೋಲು. ಮಾಳಪ್ಪ ಕೈ ಒರೆಸಿಕೊಂಡು ಫೋಟೋ ಇಸಿದುಕೊಂಡ. ನೋಡಿದ. ಅವನ ಮುಖದಲ್ಲಿ ಏನೂ ಹೊಸದು ತಿಳಿದಂತೆ ಕಾಣಲಿಲ್ಲ.

"ಎಲ್ಲಿಂದ ತಗದಿದ್ದಿ ಇದನ್ನ?"

"ಹಳ್ಳದ ಈಚಿ ಕಡಿಂದ. ಜಾಲಿಕಂಟಿ ಹಿಂದಿಂದ."

"ಯಾರೋ ಕೂತಂಗ ಆಗಿತ್ತು. ನೀನೇನು?" ಮಾಳಪ್ಪ ಫೋಟೋ ಹಿಂದಕ್ಕೆ ಕೊಟ್ಟ. "ಹಳ್ಳ ದಾಟಿ ಬಂದಿದ್ರ ಚಹಾ ಕುಡಿಸ್ತಿದ್ನೆಲ್ಲೋ. ಟಗರಿನ ಕಿವಿ ನಾನೇ ಹಿಡದು ತೋರಿಸ್ತಿದ್ದೆ." ಮೊಣಕಾಲ ನಡುವಿನ ಮರಿಯ ತಲೆಯನ್ನು ಮೇಲೆತ್ತಿದ. ಕತ್ತರಿಸಿದ ಕಿವಿ ಕೆಂಪಗೆ, ಒದ್ದೆಯಾಗಿತ್ತು. "ಈಗ ತಗಿ. ಬಾ. ಎಷ್ಟು ಹತ್ರ ಬೇಕೋ ಅಷ್ಟು ಬಾ."

ಅನೀಲ ನಿಂತಲ್ಲೇ ನಿಂತ.

"ಹಿರ್ಯಾರನ್ನ ಮತ್ತ ಕೂಡಿಸೋಣಣ್ಣಾ," ಎಂದಳು ಸಖುಬಾಯಿ. "ನಾನೇ ಹೇಳ್ತೀನಿ. ನಾ ನೋಡಿದ್ದು ತಪ್ಪು ಅಂತ ಹೇಳ್ತೀನಿ. ಖರೇ ಏನಂಬೋದು ಈಗ ಗೊತ್ತಾತಲ್ಲ."

"ನನಗ ಪೈಲೇ ಗೊತ್ತಿತ್ತಲ್ಲವಾ."

ಅವಳು ಬೇಲಿಯಿಂದ ಕೈ ತೆಗೆದಳು.

"ನಾ ಒಂದೇ ಕಚ್ಚು ಅಂದೆ. ಮುಂದ ಕೂತು ಅಂದೆ. ಕಾಗದ ಎರಡು ಅಂತು. ನೀ ಕಾಗದದ ಕಡಿ ಆದಿ. ಇವತ್ತ ಇನ್ನೊಂದು ಕಾಗದ ಒಂದು ಅಂದದ, ಅದಕ್ಕ ಬಂದೀದಿ." ಮಾಳಪ್ಪನ ದನಿ ಏರಲಿಲ್ಲ. ಮರಿಯನ್ನು ಬಿಟ್ಟ. ಅದು ತಲೆ ಕೊಡವಿಕೊಂಡು ಹಿಂಡಿಗೆ ಹೋಯಿತು. "ನಿನ್ನ ಮ್ಯಾಲ ಸಿಟ್ಟಿಲ್ಲ ಸಖೂ. ಕಂಡದ್ದು ಹೇಳಿದಿ."

"ಮತ್ತ ಭಂಡಾರ ಯಾಕ ಎತ್ತಲಿಲ್ಲಣ್ಣಾ? ಎತ್ತಿದ್ರ ಅವತ್ತೇ ಮುಗೀತಿತ್ತಲ್ಲ."

ಮಾಳಪ್ಪ ಇನ್ನೊಂದು ಮರಿಯ ಕಾಲು ಹಿಡಿದೆಳೆದ. ಉತ್ತರ ಬಂದದ್ದು ಬಾಗಿಲಿನಿಂದ.

"ಯಾಕ ಅಂತ ಕೇಳ್ತೀಯಾ?" ಎಂದಳು ಶೇವಂತಾಬಾಯಿ. "ಕಳವು ಮಾಡಲಾರದವಾ ಭಂಡಾರ ಹಿಡದಿದ್ರ ಅದು ಯಾರ ಮನಿಗೆ ಬಡೀತಿತ್ತು? ಹಿಡಿಯೋ ಹಂಗ ದೂರು ತಂದವರು ಯಾರು? ನಿನ್ನ ಗಂಡ, ನಿನ್ನ ಮಗ. ಒಡೀತಿದ್ದದ್ದು ನಿನ್ನ ಕೈಯಾಗಿನ ಬಳಿ. ನಿನ್ನ ಬಳಿ ಉಳೀಲಿ ಅಂತ ನನ್ನ ಗಂಡ ಕಳ್ಳ ಆದಾ. ಹುಟ್ಟಿದ ಊರಾಗ ತಲಿ ಕೆಳಗ ಹಾಕಿ ತಿರಗಾಕತ್ತಾನ. ಅವತ್ತ ತಿಳೀಲಿಲ್ಲ, ಇವತ್ತ ಕೇಳಾಕ ಬಂದಾಳ."

"ಏ, ಸಾಕು," ಎಂದ ಮಾಳಪ್ಪ.

"ವೈನೀ, ತಪ್ಪಾತು," ಎಂದಳು ಸಖುಬಾಯಿ. ಅವಳ ದನಿ ಅವಳಿಗೇ ಕೇಳಿಸದಷ್ಟು ಸಣ್ಣಗಿತ್ತು. "ಅಣ್ಣಾ, ಮುಂದಿನ ಪಂಚಮಿಗೆ ಕರಿಯಾಕ ಬಾ. ಹಿರ್ಯಾರು ಏನರ ಅನ್ಲಿ, ನಾ ಬರ್ತೀನಿ. ನನ್ನ ಹಿಂಡಿನಾಗಿಂದ ನಾಕ ಮರಿ ಹೊಡಕೊಂಡ ಬಂದು ಕೊಡ್ತೀನಿ. ನಿನ್ನ ಕಚ್ಚೇ ಅದಾವ ಅವುಕ್ಕ."

"ಒಂದಲ್ಲಲಾ, ಎರಡ ಅದಾವ," ಎಂದ ಮಾಳಪ್ಪ. ಹಾಗೆಂದು ನಕ್ಕಂತೆ ಮಾಡಿದ. ನಗು ಪೂರಾ ಬರಲಿಲ್ಲ. "ಇರ್ಲಿ ಬಿಡವಾ, ಅಲ್ಲೇ ಇರ್ಲಿ. ಅಪ್ಪನ ಗುರ್ತು ಈಗ ಉಳದದ್ದು ನಿನ್ನ ದಡ್ಡಿಯಾಗೇ. ನನ್ನಲ್ಲಿ ಮತ್ತ ಬರೋದಿಲ್ಲ. ಕಿವಿ ಬೆಳೀತಾವೇನು?"

ಮೋಡ ಮತ್ತೆ ಇಳಿಯತೊಡಗಿತ್ತು. ಕತ್ತಲಾಗುವ ಮುಂಚೆ ಬಸ್ಸು ಹಿಡಿಯಬೇಕೆಂದು ಅನೀಲ ಮೆಲ್ಲಗೆ ಹೇಳಿದ. ಮಾಳಪ್ಪ ಮರಿಯ ಕಿವಿಯ ಮೇಲೆ ಬಾಗಿದ್ದ. "ಹುಷಾರ ಹೋಗ್ರಿ, ಹಳ್ಳ ತುಂಬ್ಯಾದ," ಎಂದವನು ತಲೆ ಎತ್ತಲಿಲ್ಲ.

ಶೇವಂತಾಬಾಯಿ ಒಳಗೆ ಹೋದಳು. ಮನೆಮಗಳು ಹೊರಡುವಾಗ ಉಡಿಯಲ್ಲಿ ಅಕ್ಕಿ, ಕೊಬ್ಬರಿ, ಒಂದು ಕುಬಸದ ಖಣ ಹಾಕದೆ ಕಳಿಸುವುದಿಲ್ಲ. ಆ ಮನೆಯಿಂದ ಸಖುಬಾಯಿ ಎಂದೂ ಬರಿಯ ಉಡಿಯಲ್ಲಿ ಹೊರಟವಳಲ್ಲ. ಅವಳು ಹೊಸ್ತಿಲ ಮುಂದೆ ಹೋಗಿ ನಿಂತಳು. ತನಗೇ ಅರಿವಿಲ್ಲದಂತೆ ಸೆರಗಿನ ಎರಡು ತುದಿ ಹಿಡಿದು ಉಡಿ ಮಾಡಿಕೊಂಡಳು. ಒಳಗೆ ಡಬ್ಬಿಯ ಸದ್ದಾಯಿತು. ಕಾಯ್ದಳು.

ಶೇವಂತಾಬಾಯಿ ಹೊರಗೆ ಬಂದಳು. ಕೈಯಲ್ಲಿ ಫಿನೈಲ್ ಬಾಟಲಿ, ಹಳೆ ಬಟ್ಟೆಯ ಚೂರು. ಸಖುಬಾಯಿಯ ಮಗ್ಗುಲಿಂದ ಸರಿದು, ದಡ್ಡಿಗೆ ಹೋಗಿ, ಗಂಡನ ಪಕ್ಕದಲ್ಲಿ ಕೂತು ಮರಿಯ ತಲೆ ಹಿಡಿದುಕೊಂಡಳು.

ಸಖುಬಾಯಿ ಇನ್ನೂ ಸ್ವಲ್ಪ ಹೊತ್ತು ಹಾಗೆಯೇ ನಿಂತಿದ್ದಳು. ಒಂದೆರಡು ಹನಿ ಸೆರಗಿನೊಳಗೆ ಬಿದ್ದವು. ಆಮೇಲೆ ತುದಿಗಳನ್ನು ಬಿಟ್ಟು, ಸೆರಗನ್ನು ಜಾಡಿಸಿ, ಸೊಂಟಕ್ಕೆ ಬಿಗಿಯಾಗಿ ಸಿಕ್ಕಿಸಿಕೊಂಡಳು.

"ನಡಿಯಪಾ," ಎಂದಳು ಮಗನಿಗೆ.